ಮಾಷ್ಟ್ರ ಮೂವತ್ತನೇ ವಯಸ್ಸು

ಜಗಳಕ್ಕೆ ಹೋದವನನ್ನು ನಗಿಸಿ ಕಳಿಸುವುದು ಈ ಮಂಗಳೂರಿನ ಹಳೇ ಚಾಳಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕಾನೂನು ಕಲಿತದ್ದು ಗುಜರಿ ಅಂಗಡಿಯ ಪುಸ್ತಕಗಳಿಂದ. ಮೂವತ್ತೈದು ವರ್ಷದಿಂದ ಇಲ್ಲಿ ಧಿಕ್ಕಾರ ಕೂಗುತ್ತಿದ್ದೇನೆ. ಆದರೆ ಹೋಗುವಾಗ ಇದ್ದ ಸಿಟ್ಟನ್ನು ಪೂರ್ತಿಯಾಗಿ ವಾಪಸು ತಂದ ದಿನ ಒಂದೂ ಇಲ್ಲ. ದಾರಿಯಲ್ಲಿ ಯಾರಾದರೊಬ್ಬರು ಅದನ್ನು ಹಾಳು ಮಾಡಿಯೇ ಮಾಡುತ್ತಾರೆ.

ಸಿನಿಮಾದವರು ಬಂದಾಗಲೂ ಹಾಗೆಯೇ ಆಯಿತು. ಬಂದರಿನ ಇಬ್ಬರು ಡಾನ್‌ಗಳ ನಲವತ್ತು ವರ್ಷದ ಹಗೆಯ ಕತೆ. ಬೆಂಗಳೂರಿನ ಡೈರೆಕ್ಟರು ನಮ್ಮ ನಾಟಕ ತಂಡದ ಇಬ್ಬರು ಹಿರಿಯರನ್ನು ಆರಿಸಿದರು. ಒಬ್ಬರು ಮಾಷ್ಟ್ರು. ಅರ್ಚಕರ ಮನೆಯಲ್ಲಿ ಹುಟ್ಟಿ, ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ವಯಸ್ಸು ಎಪ್ಪತ್ತೊಂದು. ಇನ್ನೊಬ್ಬರು ಬಂದರಿನಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಿದ್ದ ಬ್ಯಾರಿ ಮುಸ್ಲಿಂ ಮನೆತನದವರು. ಮಾಷ್ಟ್ರಿಗಿಂತ ಎರಡು ವರ್ಷ ಚಿಕ್ಕವರು, ಊರಿಗೆಲ್ಲ ಕಾಕ. ಡಾನ್‌ಗಳ ಯೌವನದಲ್ಲೂ ಇವರೇ ನಟಿಸುವುದು, ಆಮೇಲೆ ಕಂಪ್ಯೂಟರಿನಲ್ಲಿ ಮುಖದಿಂದ ನಲವತ್ತು ವರ್ಷ ಉಜ್ಜಿ ತೆಗೆಯುವುದು ಎಂದು ತೀರ್ಮಾನ. ಅರವತ್ತರ ಹೀರೋ ಪುಸ್ತಕ ಹಿಡಿದು ಕಾಲೇಜಿಗೆ ಹೋಗುವಾಗ ಈ ಸಿನಿಮಾದವರಿಗೆ ಯಾವ ಕಂಪ್ಯೂಟರೂ ಬೇಕಿರಲಿಲ್ಲ. ನಮ್ಮವರ ಸುಕ್ಕು ಮಾತ್ರ ಕಣ್ಣಿಗೆ ಬಿತ್ತು. ನಾನು ಕಲಾವಿದರ ಸಂಘದ ಕಾರ್ಯದರ್ಶಿ. ಸುಮ್ಮನಿರುವುದು ಹೇಗೆ?

ಹತ್ತನೇ ಕಲಮು

ಕರಾರು ಪತ್ರ ಇಂಗ್ಲಿಷಿನಲ್ಲಿತ್ತು. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಎರಡು ದಿನ ಓದಿದೆ. ಒಂಬತ್ತನೇ ಕಲಮಿನಲ್ಲಿ ನಟರ ಮೂವತ್ತನೇ ವಯಸ್ಸಿನ ಮುಖ ಶಾಶ್ವತವಾಗಿ ಕಂಪನಿಯ ಸೊತ್ತು ಎಂದಿತ್ತು. ಹತ್ತನೆಯದು ಅದಕ್ಕೂ ಕಡೆ. ದೇಹದಲ್ಲಿ ಯೌವನದ ಚಲನೆ ಕಾಣದಿದ್ದರೆ ಬೇರೆಯವನ ದೇಹಕ್ಕೆ ಇವರ ಮುಖವನ್ನು ಕೂರಿಸಲಾಗುವುದು!

ಓದಿ ಹೇಳಿದೆ. ಕಾಕ ಬೀಡಿ ಹಚ್ಚಿದರು. "ಮೂವತ್ತರ ಮುಖ ನನ್ನ ಹತ್ತಿರ ಇದ್ದಾಗ ಯಾರೂ ಕೇಳ್ಲಿಲ್ಲ ಮಾರಾಯ. ಈಗ ನನ್ನ ಹತ್ತಿರವೇ ಇಲ್ಲ. ಇಲ್ಲದ್ದನ್ನು ಬರೆದು ಕೊಟ್ಟರೆ ನಂದೆಂತ ಹೋಗ್ತದೆ?"

ಮಾಷ್ಟ್ರು ನಗಲಿಲ್ಲ. "ಮುಖ ತಕ್ಕೊಳ್ಳಲಿ. ಐವತ್ತು ವರ್ಷ ಸ್ಟೇಜಿನ ಮೇಲೆ ನಿಂತದ್ದು ಮುಖವಾ? ಇದು ನನ್ನ ಮೊದಲನೇ ಸಿನಿಮಾ, ಕೊನೆಯದೂ ಇದುವೇ. ಕುತ್ತಿಗೆಯ ಕೆಳಗೆ ಇನ್ನೊಬ್ಬ ಅಂತಾದರೆ ನನಗೆ ಈ ಪಾತ್ರವೇ ಬೇಡ."

ನಾನು ಡೈರೆಕ್ಟರ ಬಾಗಿಲಲ್ಲಿ ಚಾಪೆ ಹಾಸಿ ಕೂತೆ. ಸಂಜೆಯೊಳಗೆ ಒಂಬತ್ತನೇ ಕಲಮು ಹೋಯಿತು. ಹತ್ತನೆಯದಕ್ಕೆ ಡೈರೆಕ್ಟರು ಒಂದು ಪರೀಕ್ಷೆ ಇಟ್ಟರು. "ಕೂಳೂರಿನಲ್ಲಿ ನಡಿಗೆಯ ಸೀನ್ ಇದೆ. ಅದರಲ್ಲಿ ಮಾಷ್ಟ್ರು ಮೂವತ್ತರವರ ಹಾಗೆ ನಡೆದರೆ ಕಲಮು ತೆಗೀತೀನಿ. ಇಲ್ಲಾಂದ್ರೆ ಇಲ್ಲ."

ಮರುದಿನವೇ ಒಬ್ಬ ಜಿಮ್ಮಿನ ಯುವಕ ಮಾಷ್ಟ್ರದೇ ಬಣ್ಣದ ಅಂಗಿ ತೊಟ್ಟು, ಲುಂಗಿ ಉಟ್ಟು ಸೆಟ್ಟಿನ ಮೂಲೆಯಲ್ಲಿ ಕುರ್ಚಿ ಹಾಕಿ ಕೂತ. ಅವನೇ ಬದಲಿ ದೇಹ. ಕಾಕ ಹತ್ತಿರ ಹೋಗಿ ವಿಚಾರಿಸಿದರು.

"ನಿನ್ನ ಮುಖಕ್ಕೆ ಎಂತ ಆಗಿದೆ ಮಗಾ?"

"ಎಂತ ಆಗ್ಲಿಲ್ಲ ಕಾಕ."

"ಹಾಗಾದ್ರೆ ಇವರಿಗೆ ಅದು ಎಂತಕ್ಕೆ ಬೇಡ?"

ಪಾಪ, ಆ ಯುವಕ ಮೇಕಪ್ ಕೋಣೆಗೆ ಹೋದವನು ಅರ್ಧ ಗಂಟೆ ಕನ್ನಡಿಯ ಎದುರಿನಿಂದ ಕದಲಲಿಲ್ಲ.

ಮುಖದ ತುಂಬ ಚುಕ್ಕಿ

ಕಂಪ್ಯೂಟರಿಗೆ ಮುಖದ ಅಳತೆ ಸಿಗಬೇಕಾದರೆ ಮುಖದ ಮೇಲೆ ಕಪ್ಪು ಚುಕ್ಕಿಗಳನ್ನು ಇಡಬೇಕಂತೆ. ಕಂಪ್ಯೂಟರ್ ಕೆಲಸದ ಹುಡುಗಿ ದಿನಾ ಬೆಳಿಗ್ಗೆ ಇಬ್ಬರಿಗೂ ಹಣೆಯಿಂದ ಗಲ್ಲದವರೆಗೆ ಚುಕ್ಕಿ ಇಡುತ್ತಿದ್ದಳು. ಸಂಜೆಯವರೆಗೆ ಅಳಿಸುವ ಹಾಗಿಲ್ಲ.

ಪರೀಕ್ಷೆಗೆ ಮೊದಲು ಮೊಣಕಾಲು ಸರಿಯಾಗಬೇಕೆಂದು ಮಾಷ್ಟ್ರು ಫಳ್ನೀರಿನ ಒಂದು ಕ್ಲಿನಿಕ್ಕಿಗೆ ಹೋಗಲು ಶುರು ಮಾಡಿದ್ದರು. ಒಂದು ದಿನ ಊಟದ ಬಿಡುವಿನಲ್ಲಿ ಚುಕ್ಕಿಯ ಸಮೇತ ಹೋದರು. ನಾನೂ ಜೊತೆಗಿದ್ದೆ. ಒಳಗೆ ಇಪ್ಪತ್ತು ಜನ ಕಾಯುತ್ತಿದ್ದರು. ಮಾಷ್ಟ್ರು ಕೂತ ಕೂಡಲೇ ಪಕ್ಕದ ಹೆಂಗಸು ಎದ್ದು ಗೋಡೆಯ ಹತ್ತಿರ ನಿಂತರು. ಚೀಟಿ ಕೊಡುವ ಹುಡುಗಿ ಮೂಗಿಗೆ ದುಪ್ಪಟ್ಟಾ ಹಿಡಿದು ದೂರದಿಂದಲೇ ಕೇಳಿದಳು.

"ಅಜ್ಜಾ, ಇದು ಎಷ್ಟು ದಿನ ಆಯ್ತು?"

ಮಾಷ್ಟ್ರಿಗೆ ಶೂಟಿಂಗಿನದೇ ಧ್ಯಾನ. "ಇವತ್ತಿಗೆ ಮೂರು ದಿನ. ನಮ್ಮ ಕಾಕನಿಗೂ ನಿನ್ನೆಯಿಂದ ಶುರುವಾಗಿದೆ. ನಾಳೆ ಇನ್ನೂ ಹತ್ತು ಮಂದಿಗೆ ಉಂಟಂತೆ."

ಎರಡು ನಿಮಿಷದಲ್ಲಿ ಆ ಕೋಣೆಯಲ್ಲಿ ನಾವಿಬ್ಬರೇ ಉಳಿದಿದ್ದೆವು. ಸರದಿ ಕೂಡಲೇ ಬಂತು.

ಸುದ್ದಿ ಕೇಳಿ ಕಾಕ ಆ ಸಂಜೆ ಮುಖ ತೊಳೆಯಲು ಒಪ್ಪಲೇ ಇಲ್ಲ. "ಇರ್ಲಿ ಮೇಡಂ. ನಾಳೆ ಬೆಳಿಗ್ಗೆ ನನಗೆ ಕಣ್ಣಿನ ಡಾಕ್ಟ್ರ ಹತ್ತಿರ ಹೋಗ್ಲಿಕ್ಕುಂಟು. ಅಲ್ಲಿ ಭಾರೀ ರಶ್ಶು!"

ಹಳೇ ಫೋಟೋ

ಮೂವತ್ತನೇ ವಯಸ್ಸಿನ ಮುಖ ಮಾಡಲು ಮೂವತ್ತನೇ ವಯಸ್ಸಿನ ಫೋಟೋ ಬೇಕು. ಮಾಷ್ಟ್ರು ಟ್ರಂಕಿನಿಂದ ಒಂದು ಕಟ್ಟು ಫೋಟೋ ತಂದು ಕೊಟ್ಟರು. ಕಂಪ್ಯೂಟರ್ ಹುಡುಗಿ ಒಂದೊಂದಾಗಿ ನೋಡಿದಳು. ರೇಷ್ಮೆ ಸೀರೆ, ಜಡೆ ತುಂಬ ಮಲ್ಲಿಗೆ, ತೀಡಿದ ಹುಬ್ಬು, ಓರೆಗಣ್ಣು.

"ಅಜ್ಜಾ, ಇವರು ನಿಮ್ಮ ಮಿಸೆಸ್ಸಾ?"

"ಅಲ್ಲ ಮಗಳೇ, ನಾನು."

ವಿಷಯ ಇಷ್ಟೇ. ಆ ಕಾಲದಲ್ಲಿ ನಮ್ಮ ತಂಡದ ನಾಟಕಗಳಲ್ಲಿ ನಟಿಸಲು ಹೆಂಗಸರು ಬರುತ್ತಿರಲಿಲ್ಲ. ಹದಿನೈದು ವರ್ಷ ಮಾಷ್ಟ್ರೇ ನಾಯಕಿ, ಕಾಕನೇ ನಾಯಕ. ಮಾಷ್ಟ್ರು ಸ್ಟೇಜಿಗೆ ಬಂದರೆ ಮುಂದಿನ ಸಾಲಿನ ಗಂಡಸರು ತಲೆ ಬಾಚಿಕೊಳ್ಳುತ್ತಿದ್ದರು. ಮಾಮೂಲಿ ದಿನಗಳಲ್ಲಿ ಫೋಟೋ ತೆಗೆಸಿಕೊಳ್ಳುವ ಮನೆ ಅವರದಲ್ಲ. ನಾಟಕದ ದಿನ ಮಾತ್ರ ಕ್ಯಾಮರಾ ಬರುತ್ತಿತ್ತು.

ಹುಡುಗಿ ಇದ್ದದ್ದನ್ನೇ ಕಂಪ್ಯೂಟರಿಗೆ ಹಾಕಿದಳು. ಮೊದಲನೇ ಡಾನ್ ತಯಾರಾದ. ಲುಂಗಿ ಎತ್ತಿ ಕಟ್ಟಿದ್ದಾನೆ, ಕೈಯಲ್ಲಿ ಲಾಂಗು, ಕಮಾನಿನಂಥ ಹುಬ್ಬು, ತುಟಿಯಲ್ಲಿ ನಾಚಿಕೆ. ಡೈರೆಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರು. ಕಾಕ ಮಾತ್ರ ಕನ್ನಡಕ ಒರೆಸಿ ಒರೆಸಿ ನೋಡಿದರು.

"ಯಾ ಅಲ್ಲಾ! ಹದಿನೈದು ವರ್ಷ ವಾರಕ್ಕೆ ಎರಡು ಸಲ ನಾನು ಮದುವೆಯಾದ ಮುಖ ಇದು. ಇದಕ್ಕೆ ಗುಂಡು ಹೊಡಿ ಅಂದ್ರೆ ನನ್ನಿಂದ ಹೇಗೆ ಆಗ್ತದೆ ಸರ್?"

ಕೊನೆಗೆ ಮಾಷ್ಟ್ರ ಹೆಂಡತಿ ಶಾಲೆಯ ಒಂದು ಗ್ರೂಪ್ ಫೋಟೋ ಹುಡುಕಿ ಕಳಿಸಿದರು. ಕ್ಯಾಮರಾ ಒತ್ತುವ ಹೊತ್ತಿಗೆ ಯಾರೋ ವಿದ್ಯಾರ್ಥಿ ಹಿಂದಿನಿಂದ ನಕ್ಕಿರಬೇಕು, ಮಾಷ್ಟ್ರು ತಿರುಗಿ ಅವನನ್ನು ಗುರಾಯಿಸುತ್ತಿದ್ದಾರೆ. ಡೈರೆಕ್ಟರು ಕುರ್ಚಿಯಿಂದ ಎದ್ದೇ ಬಿಟ್ಟರು. ಬಂದರನ್ನು ನಡುಗಿಸುವ ಡಾನಿಗೆ ಬೇಕಾದ ಕಣ್ಣು ಎಂಟನೇ ಕ್ಲಾಸಿನ ಬೀಜಗಣಿತದಲ್ಲಿತ್ತು.

ಕುರ್ಚಿಯಿಂದ ಏಳುವುದು

ಡಾನ್ ಕುರ್ಚಿಯಿಂದ ಚಂಗನೆ ಏಳುವ ದೃಶ್ಯ. ಮಾಷ್ಟ್ರು ಎದ್ದರು. ಮೊದಲು ಎರಡು ಕೈಯನ್ನೂ ತೊಡೆಯ ಮೇಲೆ ಊರಿದರು, ಆಮೇಲೆ "ಶಿವಾ" ಎಂದರು, ಆಮೇಲೆ ಸೊಂಟ, ಕೊನೆಗೆ ತಲೆ. ಡೈರೆಕ್ಟರು ಬದಲಿ ದೇಹದ ಕಡೆ ನೋಡಿದರು.

ನನ್ನ ಪಿತ್ತ ನೆತ್ತಿಗೇರಿತು. "ದುಡಿದು ಸವೆದ ಮೊಣಕಾಲಿಗೆ ಅವಮಾನ ಮಾಡ್ತೀರಾ? ಕುರ್ಚಿಯಿಂದ ಏಳ್ಲಿಕ್ಕೆ ಯೌವನ ಬೇಡ, ಛಲ ಬೇಕು! ನೋಡಿ ಇಲ್ಲಿ!" ಎಂದು ಅದೇ ಕುರ್ಚಿಯಲ್ಲಿ ಧಡಕ್ಕನೆ ಕೂತೆ. ನನಗೆ ಅರವತ್ತನಾಲ್ಕು. ಏಳಲು ಹೋದೆ, ಸೊಂಟ ಹಿಡಿಯಿತು. ಇನ್ನೊಮ್ಮೆ ಪ್ರಯತ್ನಿಸಿದೆ. ಕುರ್ಚಿಯೂ ನನ್ನ ಜೊತೆ ಎದ್ದಿತು.

ಕೊನೆಗೆ ನನ್ನನ್ನು ಎತ್ತಿ ನಿಲ್ಲಿಸಿದ್ದು ಅದೇ ಜಿಮ್ಮಿನ ಯುವಕ. ಬೆನ್ನು ತಿಕ್ಕುತ್ತಾ ಮೆಲ್ಲಗೆ ಕೇಳಿದ: "ಸೆಕ್ರೆಟ್ರಿಯವರೇ, ನಿಮ್ಮ ಸಂಘಕ್ಕೆ ಬದಲಿ ದೇಹದವರನ್ನೂ ಸೇರಿಸಿಕೊಳ್ತೀರಾ?"

ಅವತ್ತೇ ಸದಸ್ಯನನ್ನಾಗಿ ಮಾಡಿಕೊಂಡೆ. ಆ ಸ್ಥಿತಿಯಲ್ಲಿ ಬೇಡ ಎನ್ನಲು ಆಗುತ್ತದೆಯೇ?

ಕೂಳೂರಿನ ನಡಿಗೆ

ಪರೀಕ್ಷೆಯ ದಿನ ಬಂತು. ಕೂಳೂರು ಸಂಕದ ಕಂಬಗಳ ಕೆಳಗೆ, ಹೊಳೆಯ ಬದಿ, ಬೆಳಗ್ಗಿನ ಬಿಸಿಲು. ಕಾಕ ಪಿಸ್ತೂಲ್ ಗುರಿ ಹಿಡಿದು ನಿಂತಿರಬೇಕು. ಮಾಷ್ಟ್ರು ಹೆದರದೆ ಮೂವತ್ತು ಹೆಜ್ಜೆ ನಡೆದು ಬಂದು ಅದನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಕು.

ಏಳು ಸಲ ತೆಗೆದರು. ಏಳು ಸಲವೂ ಮಾಷ್ಟ್ರು ಪಿಂಚಣಿ ಆಫೀಸಿಗೆ ಹೋಗುವವರ ಹಾಗೆ ನಡೆದರು. ಕಣ್ಣು ನೆಲದ ಮೇಲೆ, ಪ್ರತೀ ಕಲ್ಲಿಗೂ ಒಂದು ವಿಚಾರಣೆ. ಬದಲಿ ದೇಹ ಎದ್ದು ಲುಂಗಿ ಬಿಗಿ ಮಾಡಿದ. ಸಂಘದ ಸದಸ್ಯನಾದರೂ ಕೆಲಸ ಕೆಲಸವೇ. ಮಾಷ್ಟ್ರ ಮುಖ ಸಣ್ಣದಾಯಿತು. "ಇನ್ನೊಂದೇ ಒಂದು ಸಲ ಕೊಡಿ ಸರ್. ಆಗದಿದ್ದರೆ ನಾನೇ ಮನೆಗೆ ಹೋಗ್ತೇನೆ" ಎಂದರು.

ಕಂಪ್ಯೂಟರ್ ಹುಡುಗಿ ಹತ್ತಿರ ಬಂದಳು. "ಅಜ್ಜಾ, ಡಾನನ್ನು ಮರ್ತುಬಿಡಿ. ಮೂವತ್ತರಲ್ಲಿ ಸ್ಟೇಜಿನ ಮೇಲೆ ಹೇಗೆ ನಡೀತಿದ್ರಿ? ಹಾಗೇ ನಡೀರಿ."

ಮಾಷ್ಟ್ರು ಒಂದು ಗಳಿಗೆ ಕಣ್ಣು ಮುಚ್ಚಿದರು. ಬೆನ್ನು ನೆಟ್ಟಗಾಯಿತು. ಗಲ್ಲ ಮೇಲೆ ಬಂತು. ಹೊರಟರು ನೋಡಿ! ಮೊಣಕಾಲಿಗೆ ತನ್ನ ವಯಸ್ಸೇ ಮರೆತು ಹೋಯಿತು. ಹೆಜ್ಜೆ ನೆಲಕ್ಕೆ ತಾಗಿತೋ ಇಲ್ಲವೋ, ಸೊಂಟ ಆ ಕಡೆಗೊಮ್ಮೆ ಈ ಕಡೆಗೊಮ್ಮೆ, ಎಡಗೈ ಎದೆಯ ಹತ್ತಿರ ಏನನ್ನೋ ಹಿಡಿದ ಹಾಗೆ ಮಡಚಿದೆ, ಓರೆಗಣ್ಣು ಕಾಕನ ಮೇಲೆ. ಮೂವತ್ತು ಹೆಜ್ಜೆಯಲ್ಲಿ ನಲವತ್ತು ವರ್ಷ ಹೊಳೆಗೆ ಬಿತ್ತು. ಹತ್ತಿರ ಬಂದು ಕೈ ಚಾಚಿದರು. ಕಾಕ ಬಾಯಿ ತೆರೆದು, ಪಿಸ್ತೂಲನ್ನು ತಾವಾಗಿಯೇ ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ಒಪ್ಪಿಸಿಬಿಟ್ಟರು.

"ಕಾಕ, ಏನು ಮಾಡಿದ್ರಿ? ಅವರು ಕಿತ್ಕೋಬೇಕು, ನೀವು ಕೊಡೋದಲ್ಲ!" ಎಂದು ಡೈರೆಕ್ಟರು ಕೂಗಿದರು.

"ನಾನೆಂತ ಮಾಡ್ಲಿ ಸರ್? ಈ ನಡಿಗೆ ನನ್ನ ಎದುರು ಬರುವಾಗ ನನ್ನ ಕೈಯಲ್ಲಿ ಯಾವಾಗ್ಲೂ ಮಲ್ಲಿಗೆ ಇರ್ತಿತ್ತು. ಕೊಟ್ಟೇ ಅಭ್ಯಾಸ."

ಡೈರೆಕ್ಟರು ಪರದೆಯಲ್ಲಿ ಮೂರು ಸಲ ನೋಡಿದರು. ಕೆಳಗೆ ಆ ನಡಿಗೆ, ಮೇಲೆ ಹುಡುಗಿ ಕೂರಿಸಿದ ಮೂವತ್ತರ ಮುಖ, ಅದರಲ್ಲಿ ಬೀಜಗಣಿತದ ಕಣ್ಣು. ಗುಂಡಿನ ಎದುರು ಹೀಗೆ ನಡೆದು ಬರುವ ಮನುಷ್ಯನನ್ನು ಕಂಡು ನಾನೇ ಪರದೆಯಿಂದ ಎರಡು ಹೆಜ್ಜೆ ದೂರ ನಿಂತೆ. ಡೈರೆಕ್ಟರು ಪೆನ್ನು ಕೇಳಿದರು. ಹತ್ತನೇ ಕಲಮಿಗೆ ಉದ್ದಕ್ಕೂ ಗೆರೆ ಎಳೆದರು. "ಕಾಕ ಕೊಟ್ಟದ್ದೂ ಇರಲಿ" ಎಂದರು.

ಪಂಪ್‌ವೆಲ್‌ನಲ್ಲಿ

ಸಿನಿಮಾ ಓಡಿತು. ಅದಕ್ಕಿಂತ ಹೆಚ್ಚಾಗಿ ಆ ನಡಿಗೆ ಓಡಿತು. ಮೊಬೈಲಿನಲ್ಲಿ ಬಂತು, ಕಾಲೇಜಿನ ಗೇಟಿನಲ್ಲಿ ಬಂತು. ಈ ಊರಿನಲ್ಲಿ ಸಣ್ಣಪುಟ್ಟ ರೌಡಿ ಆಗಬೇಕೆಂದಿದ್ದವರೆಲ್ಲ ಸೊಂಟ ಬಳುಕಿಸಿ ನಡೆಯತೊಡಗಿದರು. ಅದು ಎಲ್ಲಿಂದ ಬಂದದ್ದೆಂದು ಒಬ್ಬನಿಗೂ ಗೊತ್ತಿರಲಿಲ್ಲ.

ಮೊನ್ನೆ ನಾನು, ಮಾಷ್ಟ್ರು ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಒಬ್ಬ ದಾಂಡಿಗ ಬೈಕನ್ನು ಫುಟ್‌ಪಾತಿನ ಮೇಲೆ ಅಡ್ಡ ನಿಲ್ಲಿಸಿದ. ನಾನು ಬಿಡುತ್ತೇನೆಯೇ? "ಇದು ಜನರು ನಡೆಯುವ ಜಾಗ. ನಿನ್ನ ಅಪ್ಪನ ಅಂಗಳವಾ?" ಎಂದೆ.

ಅವನು ಮೆಲ್ಲಗೆ ತಿರುಗಿದ. ಕಣ್ಣು ಕೆಂಪು ಮಾಡಿದ. ನನ್ನನ್ನು ಹೊಡೆಯಲೆಂದೇ ಹೊರಟ, ಅದೇ ನಡಿಗೆಯಲ್ಲಿ! ಸೊಂಟ ಅತ್ತ, ಸೊಂಟ ಇತ್ತ, ಓರೆಗಣ್ಣು. ಜನ ಹಿಂದೆ ಸರಿದರು.

ಮಾಷ್ಟ್ರು ಚೀಲವನ್ನು ನನ್ನ ಕೈಗೆ ಕೊಟ್ಟು ನಡುವೆ ಬಂದು ನಿಂತರು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಡಾನಿನ ಗುರುತು ಸಿಕ್ಕಿತೋ ಏನೋ, ಅವನು ನಿಂತಲ್ಲೇ ಕಲ್ಲಾದ. ಮಾಷ್ಟ್ರು ಹತ್ತಿರ ಹೋಗಿ, ತಪ್ಪು ಲೆಕ್ಕ ತಿದ್ದುವ ಅದೇ ದನಿಯಲ್ಲಿ ಹೇಳಿದರು:

"ಎಡಗೈಯನ್ನು ಹಾಗೆ ನೇತಾಡ್ಲಿಕ್ಕೆ ಬಿಡ್ಬೇಡ ಮಗಾ. ಅದರಲ್ಲಿ ಸೆರಗು ಉಂಟು."