ಜೀಪಿಗೆ ಒಳ್ಳೆಯ ಮನೆ ಬೇಕಾಗಿದೆ

ಮೈಲಾರೆಪ್ಪ: ಅದೆಲ್ಲಾ ಇರ್ಲಿ ತಮ್ಮಾ, ನಿಮ್ಮ ಮನ್ಯಾಗ ಎಷ್ಟ ಮಂದಿ ಅದೀರಿ, ಮೊದಲ ಅದನ್ನ ಹೇಳು.

ಮಾಲತೇಶ: ಕಾಕಾರ, ನಾ ಜೀಪ್ ನೋಡಾಕ ಬಂದೇನಿ.

ಮೈಲಾರೆಪ್ಪ: ಗೊತ್ತೈತಿ. ಅದಕ್ಕ ಕೇಳಾಕತ್ತೇನಿ. ಕೂಡಿದ ಮನಿಯೋ, ಬ್ಯಾರೆ ಆಗೀರೋ? ಅಣ್ತಮ್ಮರು ಎಷ್ಟ ಮಂದಿ? ಎಲ್ಲಾರೂ ಗಾಡಿ ಹೊಡೀತಾರೋ? ಒಂದ ಕ್ಲಚ್ಚಿನ ಮ್ಯಾಲೆ ಮನಿಮಂದಿದೆಲ್ಲಾ ಕಾಲ ಬಿದ್ರ ಅದು ಉಳಿಯಂಗಿಲ್ಲ.

ದ್ರಾಕ್ಷಾಯಿಣಿ: ಏನ್ರೀ, ಅವ ಕನ್ಯಾ ಕೇಳಾಕ ಬಂದಿಲ್ಲ.

ಮೈಲಾರೆಪ್ಪ: ಕನ್ಯಾ ಆಗಿದ್ರ ಇಷ್ಟ ಕೇಳ್ತಿದ್ದಿಲ್ಲ. ಮಗಳಿಗೆ ಬಾಯಿ ಇರತೈತಿ, ಮನಿ ಸೇರಲಿಲ್ಲಂದ್ರ ಫೋನ್ ಹಚ್ಚತಾಳ. ಇದಕ್ಕ ಏನೈತಿ? ಇರೂದೊಂದು ಹಾರ್ನು, ಅದೂ ಮಳಿಗಾಲದಾಗ ಬಂದ್.

ಬ್ಯಾಡಗಿಯ ಅಂಚಿನಲ್ಲಿದ್ದ ಆ ಮನೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಬಾನೆಟ್ಟಿಗೆ ಚೆಂಡು ಹೂವಿನ ಮಾಲೆ, ಹಣೆಯ ಗಾಜಿಗೆ ಕುಂಕುಮ ಧರಿಸಿ ನಿಂತಿತ್ತು ಜೀಪು. ಯೌವನದಲ್ಲಿ ಮೈಲಾರೆಪ್ಪ ತಂದದ್ದು. ಸುತ್ತಲಿನ ಊರುಗಳ ಮೆಣಸಿನಕಾಯಿ ಚೀಲಗಳನ್ನೆಲ್ಲ ಬ್ಯಾಡಗಿ ಪೇಟೆಗೆ ಹೊತ್ತ ಗಾಡಿ ಅದು. ಈಗ ಅವನ ಎಡ ಮೊಣಕಾಲು ಸವೆದಿತ್ತು. ಇನ್ನೊಂದು ಸಲ ಆ ಕ್ಲಚ್ ತುಳಿದರೆ ಕಾಲು ನಿನ್ನದಲ್ಲ ಎಂದು ಹಾವೇರಿಯ ಎಲುಬಿನ ಡಾಕ್ಟರು ಹೇಳಿದ್ದರು. ಜೀಪು ಕೊಟ್ಟುಬಿಡಿ ಎಂದು ಹೆಂಡತಿ ದ್ರಾಕ್ಷಾಯಿಣಿ ಹೇಳಿದ್ದಳು. ಒಳ್ಳೆಯ ಮನೆ ಸಿಕ್ಕರೆ ಕೊಡುತ್ತೇನೆ ಎಂದು ಮೈಲಾರೆಪ್ಪ ಹೇಳಿದ್ದ. ಆಮೇಲೆ ಬಂದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಓಡಿಸಿದ್ದ.

ಗುತ್ತಲದ ಕಡೆಯವನೊಬ್ಬ ಬಂದಿದ್ದ. ಹೊಳೆಯ ಮರಳನ್ನು ಕದ್ದು ಸಾಗಿಸುವ ದೊಡ್ಡ ಮನುಷ್ಯ. ಕುತ್ತಿಗೆಯಲ್ಲಿ ಚಿನ್ನದ ಸರ, ಬಾಯಲ್ಲಿ ದೇಶಭಕ್ತಿ. "ಕಳ್ಳರ ಮನಿಗೆ ಕೊಡಂಗಿಲ್ಲ" ಎಂದು ಮೈಲಾರೆಪ್ಪ ಚಹಾ ಸಹ ಕೊಡದೆ ಕಳಿಸಿದ. ಇನ್ನೊಬ್ಬ ಚುನಾವಣೆಯ ಪ್ರಚಾರಕ್ಕೆ ಕೇಳಿದ. "ಅಷ್ಟ ಸುಳ್ಳು ಹೊರೂ ತಾಕತ್ತು ಇದರ ಸ್ಪ್ರಿಂಗ್ ಪಾಟಾಕ್ಕ ಇಲ್ಲಪಾ" ಎಂದು ಅವನನ್ನೂ ಅಟ್ಟಿದ. ಅಂದೇ ದ್ರಾಕ್ಷಾಯಿಣಿ ಕಡೆಯ ಮಾತು ಆಡಿದ್ದಳು. ಮುಂದೆ ಬಂದವರನ್ನೂ ಓಡಿಸಿದರೆ ಗುಜರಿಯವನನ್ನು ತಾನೇ ಕರೆಸುತ್ತಾಳೆ, ತೂಕಕ್ಕೆ ಹಾಕುತ್ತಾಳೆ.

ಆದ್ದರಿಂದ ಹಾವೇರಿಯ ಮಾಲತೇಶನ ಮುಂದೆ ಅವಲಕ್ಕಿಯ ತಾಟು ಇತ್ತು. ಸಂಬಂಧ ಕೂಡಿಸಿದವನು ರಾಣೆಬೆನ್ನೂರಿನ ಮಿಸ್ತ್ರಿ ಕಾಸೀಮಸಾಬ. ಇಷ್ಟು ವರ್ಷ ಈ ಜೀಪನ್ನು ಬಿಚ್ಚಿ, ಜೋಡಿಸಿ, ಉಳಿದ ನಟ್ಟುಗಳನ್ನು ಡಬ್ಬಿಯಲ್ಲಿ ಹಾಕಿಟ್ಟವನು. ಅವನ ಮುಂದಿನದು ಎರಡನೇ ತಾಟು.

ಕಾಸೀಮಸಾಬ: ಹುಡುಗ ಬಂಗಾರ ಸಾವಕಾರ್ರ. ಗುಟ್ಕಾ ಇಲ್ಲ, ಬೀಡಿ ಇಲ್ಲ. ಹೈವೇ ಮ್ಯಾಲೆ ಸ್ವಂತ ಉದ್ಯೋಗ ಸುರು ಮಾಡಾಕತ್ತಾನ.

ಮಾಲತೇಶ: ಗಾಡ್ಯಾಗ ಏನರ ದೋಷ ಐತೇನ್ರಿ?

ಮೈಲಾರೆಪ್ಪ: ಮುಚ್ಚಿಟ್ಟು ಕೊಡಾವ ಅಲ್ಲ ನಾ. ಸ್ಟೇರಿಂಗ್ ಅರ್ಧ ಸುತ್ತು ಖಾಲಿ ತಿರಗತೈತಿ. ನೀ ಇಲ್ಲಿ ತಿರಗಿಸಿದ್ದು ಗಾಲಿಗೆ ತಿಳಿಯಾಕ ಹೊತ್ತ ಹಿಡೀತೈತಿ.

ಕಾಸೀಮಸಾಬ: ಸರಕಾರಕ್ಕ ಅರ್ಜಿ ಕೊಟ್ಟಂಗ ತಿಳಕೋರಿ. ಫರಕ್ ಇಷ್ಟ, ಇದು ಮುಟ್ಟತೈತಿ.

ಮಾಲತೇಶ: ಸ್ಟೇರಿಂಗಿನ ಚಿಂತಿ ಬಿಡ್ರಿ ನನಗ.

ಮೈಲಾರೆಪ್ಪ: ದೊಡ್ಡ ಮನಸ್ಸು. ಇನ್ನೊಂದು, ಇದು ಸೀನಸತೈತಿ.

ಮಾಲತೇಶ: ಯಾರನ್ನ?

ಮೈಲಾರೆಪ್ಪ: ಕುಂತಾವರನ್ನ. ಹೊತ್ತದ್ದೆಲ್ಲಾ ಮೆಣಸಿನಕಾಯಿ. ಚಾಲೂ ಆದ ಕೂಡ್ಲೆ ಸಂದಿಗೊಂದ್ಯಾಗಿನ ಖಾರದ ಧೂಳು ಎದ್ದ ಬರತೈತಿ.

ದ್ರಾಕ್ಷಾಯಿಣಿ: ಇವರ ಜೋಡಿ ಬೀಗರ ಊರಿಗೆ ಹೋಗಿ ಇಳದ್ರ, ದಾರ್‍ಯಾಗ ಗಂಡ ಹೊಡದಾನ ಅಂತ ತಿಳಕೊಂಡು ಬೀಗತಿ ನನ್ನ ಕಣ್ಣ ಒರಸ್ತಿದ್ಲು.

ಮಾಲತೇಶ: ಚಾಲೂ ಮಾಡಿದ್ರ ಅಲ್ರಿ ಸೀನೂದು?

ಹುಡುಗನ ಮಾತು ವಿಚಿತ್ರವಾಗಿದೆ ಎಂದು ಮೈಲಾರೆಪ್ಪನಿಗೆ ಅನಿಸಬೇಕಿತ್ತು. ಅನಿಸಲಿಲ್ಲ. ಅವನು ಮುಂದಿನ ಪ್ರಶ್ನೆಯನ್ನು ಆಗಲೇ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ.

ಮೈಲಾರೆಪ್ಪ: ನೆಳ್ಳು ಐತೇನು?

ಮಾಲತೇಶ: ಹೊಸಾ ಶೆಡ್ ಹೊಡಸೇನ್ರಿ. ಮ್ಯಾಲೆ ಫ್ಯಾನ್ ಹಾಕಸ್ತೇನಿ.

ಮೈಲಾರೆಪ್ಪ: (ಹೆಂಡತಿಯ ಕಡೆ ತಿರುಗಿ) ಕೇಳಿದೇನ? ಗಾಡಿಗೆ ಫ್ಯಾನ್! ತೊಳಿಯೂದು, ಒರಸೂದು?

ಮಾಲತೇಶ: ತಾಸಿಗೊಮ್ಮೆ ಒರಸ್ತಾರ. ಅದಕ್ಕಂತನ ಆಳ ಇಡತೇನಿ.

ಮೈಲಾರೆಪ್ಪ: ಕಚ್ಚಾ ರಸ್ತೆದಾಗ ಓಡಸ್ತೀ?

ಮಾಲತೇಶ: ಛೆ ಛೆ. ಗಾಲಿಗೆ ಧೂಳ ಮುಟ್ಟಾಕ ಬಿಡಂಗಿಲ್ರಿ.

ಮೈಲಾರೆಪ್ಪ: ಲೋಡು?

ಮಾಲತೇಶ: ಯಾವ ಲೋಡ್ರಿ? ಮಂದಿ ಬಂದು ಬಾಜೂಕ ನಿಂತು ಫೋಟೋ ತಗಸ್ಕೊಂಡು ಹೋಗತಾರ. ಸುತ್ತೂ ಬಣ್ಣಬಣ್ಣದ ಲೈಟ್ ಬ್ಯಾರೆ ಇರತಾವ.

ಮೈಲಾರೆಪ್ಪನ ಕಣ್ಣು ತುಂಬಿತು. ತಾನು ಈ ಜೀಪಿಗೆ ಕೊಟ್ಟದ್ದೇನು? ರಾಡಿ, ಬಿಸಿಲು, ಚೀಲದ ಮೇಲೆ ಚೀಲ. ಈ ಹುಡುಗ ಅದನ್ನು ಅರಮನೆಯಲ್ಲಿ ಕೂರಿಸುತ್ತೇನೆ ಎನ್ನುತ್ತಿದ್ದಾನೆ. ಅವನು ಉಡಿದಾರಕ್ಕೆ ಕಟ್ಟಿದ್ದ ಕೀಲಿಯನ್ನು ಬಿಚ್ಚತೊಡಗಿದ. ಗಂಟು ಬಿಗಿಯಾಗಿತ್ತು.

ದ್ರಾಕ್ಷಾಯಿಣಿ: ಆತಲ್ಲಾ? ಚಹಾ ತರ್ಲಿ?

ಮೈಲಾರೆಪ್ಪ: ಒಂದ ಮಾತು ಉಳದೈತಿ. ತಮ್ಮಾ, ಎಂಜಿನ್ ಎಣ್ಣಿ ಮಾತ್ರ ವ್ಯಾಳ್ಯಾಕ್ಕ ಸರಿಯಾಗಿ ಬದಲಿ ಮಾಡಬೇಕು.

ಮಾಲತೇಶ: ಎಂಜಿನ್ ನೀವ ಇಟ್ಗೋರಿ ಕಾಕಾರ.

ಮೈಲಾರೆಪ್ಪ: ಹಾಂ?

ಮಾಲತೇಶ: ನನಗ ಬ್ಯಾಡ ಅದು. ಬೇಸಿನ್ನಿಗೆ ಜಾಗಾ ಆಗಬೇಕಲ್ರಿ.

ಕಾಸೀಮಸಾಬನ ಕೈಯ ಅವಲಕ್ಕಿ ಬಾಯಿಯ ದಾರಿಯಲ್ಲೇ ನಿಂತಿತು.

ಮೈಲಾರೆಪ್ಪ: ಯಾವ ಬೇಸಿನ್?

ಮಾಲತೇಶ: (ಹುರುಪಿನಿಂದ ಎದ್ದು ನಿಂತು) ಧಾಬಾ ತಗ್ಯಾಕತ್ತೇನ್ರಿ, ಫ್ಯಾಮಿಲಿ ಧಾಬಾ. ಈ ಗಾಡೀನ್ನ ನಡುಕ ಕೊಯ್ಯೂದು. ಮುಂದಿನ ಅರ್ಧಾ ಗ್ವಾಡ್ಯಾಗ ಕೂಡಸೂದು, ಜೀಪು ಗ್ವಾಡಿ ಒಡಕೊಂಡು ಒಳಗ ಬಂದಂಗ ಕಾಣಬೇಕು. ಬಾನೆಟ್ ತಗದು ಅದರಾಗ ಸ್ಟೀಲ್ ಬೇಸಿನ್. ಎಡಗಡೆ ಹೆಡ್‌ಲೈಟಿನ್ಯಾಗ ಸಾಬಾಣ, ಬಲಗಡೆದ್ರಾಗ ನಳಾ. ಮಂದಿ ಉಂಡ ಎದ್ದು ಸೀದಾ ಬಂದು...

ಮೈಲಾರೆಪ್ಪ: ಬಂದು?

ಮಾಲತೇಶ: ಬಾಯಿ ಮುಕ್ಕಳಿಸಿ ಉಗುಳತಾರ್ರಿ.

ದುಡಿದು ಸವೆದದ್ದನ್ನು ಕೊಂದು ಗೋಡೆಗೆ ತೂಗುಹಾಕುವುದು ಈಗಿನವರ ಶೋಕಿ. ಬೀಸುವ ಕಲ್ಲು ಹೋಟೆಲಿನ ಬಾಗಿಲಿಗೆ ಬಂತು, ಚಕ್ಕಡಿಯ ಗಾಲಿ ರೆಸಾರ್ಟಿನ ಬೇಲಿಯಾಯಿತು. ಬೀಸಿದವಳಿಗೆ, ಹೊಡೆದವನಿಗೆ ಮಾತ್ರ ಅಲ್ಲಿ ಒಳಗೆ ಪ್ರವೇಶವಿಲ್ಲ. ಮೈಲಾರೆಪ್ಪನಿಗೆ ಇದೆಲ್ಲ ಹೇಳಬೇಕೆನಿಸಿತು. ಹೇಳುವ ಬದಲು ಅವನು ಹೆಂಡತಿಯನ್ನು ನೋಡಿದ. ಆಕೆ ಹೂಂ ಎಂದರೆ ಬೇಸಿನ್ನು. ಊಹೂಂ ಎಂದರೆ ಗುಜರಿ.

ದ್ರಾಕ್ಷಾಯಿಣಿ ಮಾಲತೇಶನ ಮುಂದೆ ಬಂದು ನಿಂತಳು.

ದ್ರಾಕ್ಷಾಯಿಣಿ: ಆ ತಾಟ ಇಲ್ಲಿ ಕೊಡು ತಮ್ಮಾ.

ಮಾಲತೇಶ: ಇನ್ನಾ ಐತ್ರಿ ಅವ್ವಾರ ಅದರಾಗ.

ದ್ರಾಕ್ಷಾಯಿಣಿ: ಕಾಣತೈತಿ. ಕೊಡು.

ಮಾಲತೇಶ: ನೀವ ಅಲ್ರಿ ಫೋನಿನ್ಯಾಗ ಅಂದಿದ್ದು, ಅದರ ಮುಖಾ ನೋಡಿದ್ರ ಮೈ ಉರೀತೈತಿ ಅಂತ?

ದ್ರಾಕ್ಷಾಯಿಣಿ: ಉರೀತೈತಿ. ಇಡೀ ದೀಪಾವಳಿ ಇವರು ಅದರ ತಳಕ್ಕ ಮಕ್ಕೊಂಡು ಕಳದಾರ. ನನ್ನ ಚಲೋ ಸೀರಿ ಹರದು ಎಣ್ಣಿ ಒರಸ್ಯಾರ. ಅದಕ್ಕ ಬೈಯೂ ಹಕ್ಕು ನಂದು. ಉಗುಳೂ ಹಕ್ಕು ಹೈವೇ ಮಂದಿಗೆ ಯಾರ ಕೊಟ್ರು?

ಕಾಸೀಮಸಾಬ: ಸಾವಕಾರ್ರ, ಖುದಾನ ಆಣಿ, ನನಗ ಗೊತ್ತಿದ್ದಿಲ್ಲ. ‘ಚಂದ ಇಟ್ಗೋತೇನಿ’ ಅಂದಿದ್ದ. ನಾ ಮೊನ್ನೆರ ಗೇರ್‌ಬಾಕ್ಸ್ ಬಿಚ್ಚಿ ತೊಳದೇನಿ, ಇಂವಾ ಅದಕ್ಕ ಸಾಬಾಣ ಇಡತಾನಂತ!

ಮಾಲತೇಶ: ಗುಜರಿ ಮಾಲಿಗೆ ಮರ್ಯಾದಿ ಕೊಡಾಕ ಬಂದಿದ್ದೆ, ನಂದ ತಪ್ಪಾತು. ಅಲ್ಲಿ ನೋಡ್ರಿ ನನ್ನ ಗಾಡಿ. ಗಾಡಿ ಅಂದ್ರ ಹಂಗ ಇರಬೇಕು!

ಹೊರಗೆ ನಿಂತಿತ್ತು ಅವನ ಹೊಸ ಗಾಡಿ. ಬಿಳಿಯದು, ಎತ್ತರದ್ದು, ಕಾಡು ಹಂದಿಯಂಥ ಮೂತಿಯದು. ಅದು ನಿಂತ ಜಾಗವನ್ನು ಮೊದಲು ನೀರಿನ ಪೈಪಿಗೆಂದು ಅಗೆದಿದ್ದರು, ಮುಚ್ಚಿದ ಮೇಲೆ ಕೇಬಲ್ಲಿಗೆಂದು ಅಗೆದಿದ್ದರು, ಆಮೇಲೆ ಪೈಪನ್ನು ಒಡೆದದ್ದು ತಿಳಿದು ಮತ್ತೆ ಅಗೆದಿದ್ದರು. ಮೇಲೆ ಮುಚ್ಚಿದ್ದು ಬರೀ ಎರೆಮಣ್ಣು. ಬೆಳಗಿನ ಮಳೆಗೆ ಅದು ಹುಳಿಬಂದ ಹಿಟ್ಟಿನ ಹಾಗೆ ಉಬ್ಬಿತ್ತು. ಮಾಲತೇಶ ಸಿಟ್ಟಿನಲ್ಲಿ ಗಾಡಿ ಹಿಂದಕ್ಕೆ ತೆಗೆದ. ಗಾಡಿ ಹಿಂದಕ್ಕೆ ಹೋಗುವ ಬದಲು ಕೆಳಕ್ಕೆ ಹೋಯಿತು.

ಮಾಲತೇಶ: (ಕಿಟಕಿಯಿಂದ) ಏನೂ ಆಗಂಗಿಲ್ಲ! ಇದೂ ಜೀಪಿನ ಜಾತೀನ!

ಕಾಸೀಮಸಾಬ: (ಬಗ್ಗಿ ನೋಡಿ) ಮಾರಿ ಅಷ್ಟ ಜೀಪಿಂದು ತಮ್ಮಾ. ಇದರಾಗ ಮುಂದಿನ ಎರಡ ಗಾಲಿ ಅಷ್ಟ ದುಡೀತಾವ. ಹಿಂದಿನವು ಕಮಿಟಿ ಮೆಂಬರ್ ಇದ್ದಂಗ, ಸುಮ್ನ ಜೋಡಿ ಬರತಾವ.

ಇನ್ನೊಮ್ಮೆ ಆಕ್ಸಿಲರೇಟರ್ ಒತ್ತಿದ್ದಕ್ಕೆ ಗಾಲಿ ಗರಗರ ತಿರುಗಿ ಮಾಲತೇಶನ ಬಿಳಿ ಅಂಗಿಯನ್ನೂ ಕಾಸೀಮಸಾಬನ ಗಡ್ಡವನ್ನೂ ಒಂದೇ ಬಣ್ಣ ಮಾಡಿತು.

ಮಾಲತೇಶ: (ಸಣ್ಣ ದನಿಯಲ್ಲಿ) ಕಾಕಾರ... ಜೀಪು ಚಾಲೂ ಆಗತೈತೇನ್ರಿ?

ಮೈಲಾರೆಪ್ಪ ಎದ್ದ. ಮೊಣಕಾಲು ಏಳಲಿಲ್ಲ. ಮತ್ತೆ ಕುಳಿತ. ಕಾಸೀಮಸಾಬ ಜೀಪು ಹೊಡೆಯಬಹುದಿತ್ತು, ಆದರೆ ಸರಪಳಿ ಬಿಗಿಯಲು, ನಾಲ್ಕೂ ಗಾಲಿ ದುಡಿಯುವಂತೆ ಜೀಪಿನ ಮುಂದಿನ ಗಾಲಿಗಳ ಲಾಕು ತಿರುಗಿಸಲು, ಹಿಂದಿನಿಂದ ನೂಕಲು ಅವನೊಬ್ಬನೇ ಗಟ್ಟಿ. ಅಷ್ಟರಲ್ಲಿ ದ್ರಾಕ್ಷಾಯಿಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಂಡನ ಉಡಿದಾರದ ಗಂಟನ್ನು ಹಲ್ಲಿನಿಂದ ಬಿಚ್ಚಿ ಕೀಲಿ ತೆಗೆದುಕೊಂಡಿದ್ದಳು.

ಮೈಲಾರೆಪ್ಪ: ನೀನಾ?

ದ್ರಾಕ್ಷಾಯಿಣಿ: ಇಷ್ಟ ವರ್ಷ ಬಾಜೂಕ ಕುಂತು ಮತ್ತೇನ ಮಾಡೇನಿ? ನಿಮ್ಮನ್ನ ನೋಡೂದ ಆಗೈತಿ. ನಡೀರಿ, ಆ ಕಡೆ ಹತ್ರಿ.

ಕಾಸೀಮಸಾಬ ಜೀಪಿನಿಂದ ಬಿಳಿ ಗಾಡಿಗೆ ಸರಪಳಿ ಬಿಗಿದು, ಅದರ ಹಿಂದೆ ಹೋಗಿ ನಿಂತ. ಜೀಪು ಎರಡು ಸಲ ಕೆಮ್ಮಿ ಎದ್ದಿತು. ಜೀಪಿನೊಡನೆ ಖಾರವೂ ಎದ್ದಿತು.

ದ್ರಾಕ್ಷಾಯಿಣಿ: ಆಕ್ಷೀ! ಯಾವ ಗೇರ್ ಹಾಕ್ಲಿ?

ಮೈಲಾರೆಪ್ಪ: ಆಕ್ಷೀ! ಗೇರ್ ನಾ ಹಾಕ್ತೇನಿ, ನೀ ಕ್ಲಚ್ ತುಳಿ. ಇನ್ನಾ ತುಳಿ! ಬಾವಿಗೆ ಇಳದಂಗ ತುಳೀಬೇಕು!

ದ್ರಾಕ್ಷಾಯಿಣಿ: ತುಳದೇನಿ! ಈ ಸಣ್ಣ ಲಿವರ್ ಯಾತಕ್ಕ?

ಮೈಲಾರೆಪ್ಪ: ಅದ ಫೋರ್ ವ್ಹೀಲು! ಹಾಕಿದೆ ನೋಡು! ಈಗ ಕಾಲ ಬಿಡು, ಸಾವಕಾಶ. ಮಕ್ಕೊಂಡ ಕೂಸಿನ ಬಾಜೂಕಿಂದ ಎದ್ದಂಗ!

ದ್ರಾಕ್ಷಾಯಿಣಿ: ಆಕ್ಷೀ!

ಸೀನಿನ ರಭಸಕ್ಕೆ ಕಾಲು ಕ್ಲಚ್ಚನ್ನು ಒಮ್ಮೆಲೇ ಬಿಟ್ಟಿತು. ಜೀಪು ಗುಟುರು ಹಾಕಿ ಮುಂದೆ ನುಗ್ಗಿತು. ನಾಲ್ಕೂ ಗಾಲಿಗಳು ಒಟ್ಟಿಗೆ ಮಣ್ಣು ಕಚ್ಚಿದವು. ಸರಪಳಿ ಟಣ್ ಎಂದಿತು, ಚೆಂಡು ಹೂವಿನ ಮಾಲೆ ಹರಿದು ಹಾರಿತು, ಹಿಂದಿನ ಬಿಳಿ ಗಾಡಿ ಪಚ್ ಎಂದು ರಾಡಿಯಿಂದ ಕಿತ್ತು ಬಂತು. ಕಾಸೀಮಸಾಬ ನೂಕುತ್ತಿದ್ದವನು ನೂಕಲು ಏನೂ ಸಿಗದೆ ರಾಡಿಯಲ್ಲಿ ಅಂಗಾತ ಬಿದ್ದು, ಬಿದ್ದಲ್ಲೇ ಚಪ್ಪಾಳೆ ತಟ್ಟಿದ.

ಮೈಲಾರೆಪ್ಪ: ಶಬಾಶ್! ಎಳಿ! ಎಳಿ ನನ್ನವ್ವಾ!

ದ್ರಾಕ್ಷಾಯಿಣಿ: ಜೀಪಿಗೆ ಅನ್ನಾಕತ್ತೀರೋ, ನನಗೋ?

ಮೈಲಾರೆಪ್ಪ: ಇಬ್ಬರಿಗೂ!

ಓಣಿ ಮುಗಿದು ಡಾಂಬರು ಬಂತು. ಎಡಕ್ಕೆ ಎರಡು ಮನೆ, ಬಲಕ್ಕೆ ಒಂದು ಹಿಟ್ಟಿನ ಗಿರಣಿ, ಎಲ್ಲದರ ಬಾಗಿಲಲ್ಲೂ ಜನ. ಮೈಲಾರೆಪ್ಪನಿಗೆ ನಗು ತಡೆಯಲಾಗಲಿಲ್ಲ. ಎಡಗಡೆಯ ಸೀಟಿನಲ್ಲಿ ಅವನು ಕುಳಿತದ್ದು ಜೀವನದಲ್ಲಿ ಇದೇ ಮೊದಲು. ಊರು ಈ ಕಡೆಯಿಂದ ಬೇರೆಯಾಗಿಯೇ ಕಾಣುತ್ತಿತ್ತು.

ಮಾಲತೇಶ: (ಹಿಂದಿನಿಂದ ಕೂಗುತ್ತ) ಸಾಕ್ರೀ! ಬಿಡ್ರೀ! ನಂದು ಹಾವೇರೀ, ನೀವು ರಾಣೆಬೆನ್ನೂರ ದಾರಿ ಹಿಡದೀರೀ!

ಮೈಲಾರೆಪ್ಪ: ದ್ರಾಕ್ಷಾಯಿಣಿ, ಹಂಗಾರ ಗುಜರಿಗೆ ಹಾಕಂಗಿಲ್ಲಲಾ?

ದ್ರಾಕ್ಷಾಯಿಣಿ: ಯಾಕ ಹಾಕೂಣು? ಡಾಕ್ಟರ್ ನಿಮ್ಮ ಕಾಲಿಗೆ ಬ್ಯಾಡ ಅಂದಾರ. ನನ್ನ ಕಾಲಿಗೆ ಏನಾಗೈತಿ? ಲೈಸನ್ಸ್ ಮಾಡಸೂಣು. ಸಂತಿಗೆ ನಾ ಕರಕೊಂಡ ಹೋಗತೇನಿ ನಿಮ್ಮನ್ನ.

ಮೈಲಾರೆಪ್ಪ: ಇಷ್ಟ ಚಲೋ ಹೊಡೀತಿ ಅಂತ ಗೊತ್ತಿದ್ರ ಎಂದೋ ನಿನಗ ಕೀಲಿ ಕೊಡ್ತಿದ್ದೆ. ಸಾಕು, ಆ ಹುಡುಗ ಹೊಯ್ಕೊಳ್ಳಾಕತ್ತಾನ. ಬ್ರೇಕ್ ಹಾಕು.

ಜೀಪು ಗಿರಣಿ ದಾಟಿತು.

ಮೈಲಾರೆಪ್ಪ: ಬ್ರೇಕ್ ಹಾಕಂದ್ನಲ್ಲಾ!

ದ್ರಾಕ್ಷಾಯಿಣಿ: ಯಾವದದು, ಲಗೂನ ಹೇಳ್ರಿ! ನನ್ನ ಸೀಟಿನಿಂದ ನಿಮ್ಮ ಎಡಗಾಲ ಒಂದ ಕಾಣತಿತ್ತು!