ನಮ್ಮ ಬಿಳಿ ಬಟ್ಟೆಯಲ್ಲಿ ಶರಣಾಗತಿ ಕಂಡ ಸುದ್ದಿವಾಹಿನಿಯವರಿಗೆ

ಮಾನ್ಯ ಪ್ರಧಾನ ಸಂಪಾದಕರೇ,

ಲೋಕದ ಆಗುಹೋಗುಗಳನ್ನೆಲ್ಲ ನಮಗಿಂತ ಮೊದಲೇ, ಕೆಲವೊಮ್ಮೆ ಅವು ಆಗುವುದಕ್ಕೂ ಮೊದಲೇ ಬಲ್ಲ ತಮಗೆ, ಆಸ್ಪತ್ರೆ ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯ ಗೇಟಿನ ಮುಂದೆ ಮುಷ್ಕರಕ್ಕೆ ಕುಳಿತಿರುವ ಹೆಂಗಸರೆಲ್ಲರ ಪರವಾಗಿ ಕೈಮುಗಿಯುತ್ತೇನೆ.

ನಾವು ಕುಳಿತಿರುವುದು ಒಂದೇ ಒಂದು ಕಂಬಿಗಾಗಿ. ಚಾದರ ಇಸ್ತ್ರಿ ಮಾಡುವ ಬಿಸಿ ಉರುಳೆಯೊಳಗೆ ಬೆರಳು ಹೋಗದಂತೆ ತಡೆಯುತ್ತಿದ್ದ ಕಂಬಿ ಮುರಿದುಬಿತ್ತು, ಮಾಲೀಕರು ಮತ್ತೆ ಹಾಕಿಸಲಿಲ್ಲ, ನನ್ನ ಓರಗಿತ್ತಿಯ ಬಲಗೈ ಬೆಂದುಹೋಯಿತು. ಅವಳ ಮಗಳ ಜಡೆಯನ್ನು ಈಗ ನಾನು ಹೆಣೆಯುತ್ತೇನೆ. ಇದು ಸುದ್ದಿಯಲ್ಲವೆಂದು ನಾವೂ ಒಪ್ಪಿಕೊಂಡಿದ್ದೆವು, ಏಕೆಂದರೆ ನಾವು ಕುಳಿತ ದಿನವೇ ಎದುರುಮನೆಯ ಗಿಳಿ ಪಂಜರದಿಂದ ಹಾರಿಹೋಗಿ ಮರದಲ್ಲಿ ಕುಳಿತಿತು, ತಮ್ಮ ಕ್ಯಾಮೆರಾ ನಮ್ಮ ತಲೆಯ ಮೇಲಿಂದ ಆ ಮರವನ್ನೇ ದಿನವಿಡೀ ತೋರಿಸಿತು. ಕೆಲಸ ಬಿಟ್ಟ ಗಿಳಿಗಾದರೂ ನೇರಪ್ರಸಾರ ಸಿಕ್ಕಿತಲ್ಲ ಎಂದು ಸಂತೋಷಪಟ್ಟೆವು. ನಡುವೆ ನಮ್ಮ ತಲೆಗಳು ಅಡ್ಡ ಬಂದಿದ್ದರೆ ಕ್ಷಮೆಯಿರಲಿ.

ಇನ್ನು ಆ ಬಿಳಿ ಬಟ್ಟೆಯ ವಿಚಾರ. ಹಳೆಯ ಚಾದರದ ಮೇಲೆ ನಮ್ಮ ಬೇಡಿಕೆಯನ್ನು ಕೆಂಪು ಬಣ್ಣದಲ್ಲಿ ಬರೆದು ಕಟ್ಟಿದ್ದೆವು. ತಮ್ಮ ವ್ಯಾನು ಎಬ್ಬಿಸಿದ ಧೂಳೆಲ್ಲ ಅದಕ್ಕೇ ಮೆತ್ತಿಕೊಂಡಿತು. ಬಟ್ಟೆಗೆ ನೀಲಿ ಹಾಕುವುದರಲ್ಲಿ ಎತ್ತಿದ ಕೈ ಆದ್ದರಿಂದ ನೀಲಿಯಜ್ಜಿ ಎನಿಸಿಕೊಂಡ ನಮ್ಮ ಹಿರಿಯಳಿಗೆ ಅದನ್ನು ನೋಡಲಾಗಲಿಲ್ಲ. ‘ಇಷ್ಟು ಕೊಳೆ ಇಟ್ಕೊಂಡು ನ್ಯಾಯ ಕೇಳ್ತೀರಾ, ನೋಡಿದೋರು ಏನಂದಾರು’ ಎಂದು ಬಿಚ್ಚಿ ನೆನೆಹಾಕಿಯೇ ಬಿಟ್ಟಳು. ಕೆಲಸವಿಲ್ಲದೆ ತುರಿಸುತ್ತಿದ್ದ ನಮ್ಮ ಕೈಗಳೂ ಸೇರಿಕೊಂಡವು, ಒಬ್ಬಳು ಉಜ್ಜಿದಳು, ಒಬ್ಬಳು ಹಿಂಡಿದಳು, ನಾನು ಗಂಜಿ ಹಾಕಿದೆ. ಆಸ್ಪತ್ರೆಯ ಬಟ್ಟೆ ಒಗೆಯುವವರಿಗೆ ಕೆಂಪು ಕಂಡರೆ ತೆಗೆದು ಅಭ್ಯಾಸ. ಅಕ್ಷರಗಳಿದ್ದವೆಂದು ಯಾರಿಗೂ ಹೊಳೆಯಲಿಲ್ಲ. ಹಾಲಿನಂತೆ ಬೆಳ್ಳಗಾದ ಅದನ್ನು ಕೋಲಿಗೆ ಕಟ್ಟಿ ಒಣಹಾಕಿ, ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಿದ್ದೆವು.

ಗಿಳಿ ಮರಳಿತೇ ಎಂದು ವಿಚಾರಿಸಲು ಬಂದ ತಮ್ಮ ವರದಿಗಾರರು ಆಗಲೇ ನಮ್ಮನ್ನು ಕಂಡದ್ದು. ‘ಬಿಳಿ ಬಾವುಟ ಹಾರಿಸಿದ ಲಾಂಡ್ರಿ ಹೆಂಗಸರು, ಮುಷ್ಕರ ಅಂತ್ಯ’ ಎಂದು ತಾವು ಸಾರಿದಿರಿ. ನಮ್ಮಲ್ಲೊಬ್ಬಳನ್ನು ಕೇಳಿ ಅಮೂಲ್ಯ ಸಮಯ ಹಾಳುಮಾಡಲಿಲ್ಲ, ದೊಡ್ಡ ಮನಸ್ಸು. ಮಾತುಕತೆಗೆ ಬರಲು ಒಪ್ಪಿದ್ದ ಮಾಲೀಕರು ಗೆದ್ದ ಖುಷಿಯಲ್ಲಿ ಬರಲೇ ಇಲ್ಲ. ನನ್ನ ಗಂಡ ಫೋನು ಮಾಡಿ ಬೇಗ ಮನೆಗೆ ಬಾ ಎಂದ; ಇನ್ನೂ ಇಲ್ಲೇ ಕೂತಿದ್ದೇನೆ ಎಂದರೆ, ‘ಟೀವೀಲೇ ಬಂತಲ್ಲ, ನೀನ್ಯಾಕೆ ಇಲ್ಲ ಅಂತೀಯ’ ಎಂದು ನನ್ನನ್ನೇ ಗದರಿದ. ನನಗೆ ಅಳು ಬಂತು, ಆಮೇಲೆ ನಗು ಬಂತು.

ನಮ್ಮಿಂದ ಮುಗಿಸಲಾಗದ ಮುಷ್ಕರವನ್ನು ಒಂದೇ ಮಾತಿನಲ್ಲಿ ಮುಗಿಸಿದ ತಮ್ಮ ಶಕ್ತಿಯ ಮೇಲೆ ಭರವಸೆಯಿಟ್ಟು ಒಂದು ಬಿನ್ನಹ. ಕಂಬಿ ಹಾಕಿಸಿಯಾಯಿತು ಎಂದೂ ಇಂದೇ ಸಾರಿಬಿಡಿ. ಹಾಗೆಯೇ ನನ್ನ ಓರಗಿತ್ತಿಯ ಬೆರಳುಗಳು ಮೊದಲಿನಂತೆ ಮಡಚುತ್ತಿವೆ ಎಂದೂ ಹೇಳಿ. ತಾವು ಹೇಳಿದರೆ ಮಾಲೀಕರು ನಂಬುತ್ತಾರೆ, ನನ್ನ ಗಂಡ ನಂಬುತ್ತಾನೆ, ಬೆರಳುಗಳೂ ನಂಬಬಹುದು. ಅದಾಗದಿದ್ದರೆ ಗಿಳಿ ನಾವು ಕುಳಿತ ಚಪ್ಪರದಲ್ಲಿದೆ ಎಂದಾದರೂ ತಿಳಿದು ಬನ್ನಿ.

ಇನ್ನೂ ಶರಣಾಗದ,
ತಮ್ಮ ವಿಶ್ವಾಸಿ,
ಇಸ್ತ್ರಿ ವಿಭಾಗದ ಹೆಂಗಸು

ತಾ.ಕ.: ತಮ್ಮ ವಾರ್ತಾವಾಚಕರ ಕೋಟುಗಳು ಒಗೆಯಲು ಬರುವುದು ನಮ್ಮಲ್ಲಿಗೇ. ನಾವು ಕೆಲಸ ಬಿಟ್ಟು ಹೊರಬಂದಾಗ ಅವೆಲ್ಲ ಸೋಪಿನ ನೀರಿನಲ್ಲಿ ನೆನೆಯುತ್ತಿದ್ದವು. ತಮ್ಮ ಸುದ್ದಿಯ ಪ್ರಕಾರ ಮುಷ್ಕರ ಮುಗಿದಿರುವುದರಿಂದ ಅವು ಒಗೆದು ಇಸ್ತ್ರಿಯಾಗಿ ಸಿದ್ಧವಿರಲೇಬೇಕು. ದಯವಿಟ್ಟು ತರಿಸಿಕೊಂಡು, ಇಂದಿನ ವಾರ್ತೆಯನ್ನು ಅವನ್ನೇ ತೊಟ್ಟು ಓದಲು ಹೇಳಿ.