ಏಳನೇ ಮೆಟ್ಟಿಲು

“ಸಾರ್, ಪೆಟ್ಟಾಗಿದ್ದು ಎಲ್ಲಿ ಅಂದ್ರೆ ಕಾಲಿನ ಹೆಬ್ಬೆರಳಿಗೆ ಅಂತೀರಲ್ಲ! ಯಾವ ಜಾಗದಲ್ಲಿ ಅಂತ ಕೇಳ್ತಿದೀನಿ. ಅಡುಗೆಮನೆನೋ, ಬಚ್ಚಲೋ, ಗ್ಯಾರೇಜೋ?”

ಗ್ಯಾರೇಜು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ‘ಎಲ್ಲಿ ಸಾಹೇಬರು’ ಕುರ್ಚಿಯಲ್ಲಿ ಅರ್ಧ ಅಡಿ ಮೇಲೆ ಹಾರಿ ಕೂತರು.

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಅವರ ಕೆಲಸವೆಂದರೆ ಫೈಲು ಓದಿ, ಪ್ರತಿ ಗಾಯಕ್ಕೂ, ಅದು ಆದ ಜಾಗಕ್ಕೂ ಕೋಡ್ ಸಂಖ್ಯೆ ಹಾಕುವುದು. ಮನೆಯ ಗ್ಯಾರೇಜಿಗೆ ಒಂದು ಸಂಖ್ಯೆ, ಅದರ ಮುಂದಿನ ದಾರಿಗೆ ಇನ್ನೊಂದು. ಡಾಕ್ಟರು ‘ಮನೆಯಲ್ಲಿ ಬಿದ್ದರು’ ಎಂದಷ್ಟೇ ಬರೆದರೆ ‘ಮನೆಯಲ್ಲಿ ಎಲ್ಲಿ?’ ಎಂದು ಕೆಂಪು ಶಾಯಿಯಲ್ಲಿ ಗೀಚಿ ವಾಪಸು ಕಳಿಸುವುದು ಹದಿನಾಲ್ಕು ವರ್ಷದ ಚಾಳಿ. ಅದಕ್ಕೇ ಆ ಹೆಸರು. ಈಗ ಅವರನ್ನೇ ಕೇಳುತ್ತಿದ್ದವಳು ಅವರೇ ತಿದ್ದಿ ತೀಡಿದ ಶಿಷ್ಯೆ.

ಆದದ್ದಿಷ್ಟು. ಮನೆಯ ಗ್ಯಾರೇಜಿನಲ್ಲಿ ಅವರಪ್ಪ ಓಡಿಸುತ್ತಿದ್ದ ಸ್ಕೂಟರು ಆರು ವರ್ಷದಿಂದ ರಿಪೇರಿಯಾಗುತ್ತಲೇ ಇತ್ತು. ಬಿಚ್ಚಿದ ಭಾಗಗಳು ಊಟದ ಮೇಜಿಗೂ ಬಂದಾಗ ಹೆಂಡತಿ, “ಅದಿರ್ಬೇಕು, ಇಲ್ಲಾ ನಾನಿರ್ಬೇಕು” ಎಂದಿದ್ದಳು. “ಬಿಟ್ಟೆ ಕಣೇ, ಗ್ಯಾರೇಜಿನ ಕಡೆ ತಲೆ ಹಾಕಿಯೂ ಮಲಗಲ್ಲ” ಎಂದು ಇವರು ಮಾತು ಕೊಟ್ಟು ಮೂರು ತಿಂಗಳು. ಅಂದಿನಿಂದ ಅವಳು ಸ್ನಾನಕ್ಕೆ ಹೋದ ಕಾಲು ಗಂಟೆ ಇವರು ಕಳ್ಳ ಬೆಕ್ಕಿನ ಹಾಗೆ ಗ್ಯಾರೇಜು ಸೇರುತ್ತಿದ್ದರು. ಇವತ್ತು ಸ್ಟ್ಯಾಂಡು ಜಾರಿ ಸ್ಕೂಟರು ಕಾಲ ಮೇಲೇ ಬಂದು ಕೂತಿತು. ಕೂಗಿದರೆ ಗುಟ್ಟು ರಟ್ಟು! ಒರೆಸುವ ಬಟ್ಟೆಯನ್ನೇ ಬಾಯಿಗೆ ತುರುಕಿಕೊಂಡು, ಕುಂಟುತ್ತ ಆಸ್ಪತ್ರೆಗೆ ಬಂದು ಪಟ್ಟಿ ಹಾಕಿಸಿಕೊಂಡಿದ್ದರು. ಹೆಂಡತಿಗೆ ತಿಳಿದರೆ ಸ್ಕೂಟರು ಗುಜರಿ ಪಾಲಾದಂತೆಯೇ.

“ಮೆಟ್ಟಿಲಲ್ಲಿ ಬಿದ್ದೆ ಕಣಮ್ಮ.”

“ಮನೆ ಮೆಟ್ಟಿಲಾ ಸಾರ್?”

ಮನೆಯದೆಂದರೆ ಹೆಂಡತಿಗೆ ಸುಳ್ಳೆಂದು ಗೊತ್ತಾಗದೇ ಇರುತ್ತದೆಯೇ? “ಅಲ್ಲ, ಈ ಆಸ್ಪತ್ರೇದೇ.”

“ಎಷ್ಟನೇದು?”

“ಏಳನೇದು ಅಂತ ಇಟ್ಕೋ.”

“ಇಟ್ಕೊಳ್ಳೋಕಾಗಲ್ಲ ಸಾರ್. ಊಹೆ ಬರೀಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದು.”

“ಏಳನೇದೇ! ಎಣಿಸ್ಕೊಂಡೇ ಬಿದ್ದೆ!”

ಆಸ್ಪತ್ರೆಯೊಳಗೇ ಪೆಟ್ಟಾದರೆ ಸುರಕ್ಷತಾ ಅಧಿಕಾರಿಗೆ ಕೂಡಲೇ ತಿಳಿಸಬೇಕು; ಆ ನಿಯಮ ತಂದವರೂ ಸಾಹೇಬರೇ. ಹತ್ತು ನಿಮಿಷದಲ್ಲಿ ಅಧಿಕಾರಿ ಟೇಪು ಹಿಡಿದು ಬಂದರು. ಏಳನೇ ಮೆಟ್ಟಿಲನ್ನು ಮದುವೆಗೆ ಹೆಣ್ಣು ನೋಡುವವರ ಹಾಗೆ ಮೇಲಿನಿಂದ ಕೆಳಗಿನವರೆಗೆ ನೋಡಿದರು. ದೋಷ ಕಾಣಲಿಲ್ಲ; ಕಾಣದ್ದರಿಂದಲೇ ಅನುಮಾನ ಹೆಚ್ಚಾಗಿ, ಹಗ್ಗ ಕಟ್ಟಿ ಇಡೀ ಮೆಟ್ಟಿಲ ಸಾಲನ್ನೇ ಮುಚ್ಚಿಸಿದರು. ಇದ್ದದ್ದೊಂದು ಲಿಫ್ಟು. ಅದರ ಮುಂದೆ ನರ್ಸುಗಳು, ಊಟದ ಗಾಡಿ, ಗಾಲಿಕುರ್ಚಿಗಳು ಎಲ್ಲ ಸಾಲುಗಟ್ಟಿದವು. ಹೋಗುವವರು ಬರುವವರೆಲ್ಲ ಸಾಹೇಬರನ್ನು ಹಸಿಹಸಿಯಾಗಿ ತಿಂದುಬಿಡುವಂತೆ ನೋಡಿದರು.

ಟೀ ಕುಡಿದಾದರೂ ಬರೋಣವೆಂದು ಹೊರಬಿದ್ದರೆ, ರಕ್ತದೊತ್ತಡ ತೋರಿಸಲು ಬಂದಿದ್ದ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಎದುರಾಗಬೇಕೆ!

“ಏನ್ರೀ, ಬೆಳಿಗ್ಗೆ ಗ್ಯಾರೇಜಿಂದ ಕೊಕ್ಕರೆ ಥರ ಒಂಟಿ ಕಾಲಲ್ಲಿ ಹೊರಟ್ರಲ್ಲ? ನಿಮ್ಮನೆಯವರಿಗೂ ಹೇಳ್ದೆ. ಪಾಪ, ಅವರಿಗೆ ಗೊತ್ತೇ ಇರ್ಲಿಲ್ಲ!”

ಸಾಹೇಬರ ಜೀವ ಬಾಯಿಗೆ ಬಂತು. ಕಾಲೆಳೆದುಕೊಂಡು ಕೋಣೆಗೆ ಓಡಿದರೆ, ಶಿಷ್ಯೆ ಆಗಲೇ ಅವರ ಹೆಂಡತಿಯೊಡನೆ ಫೋನಿನಲ್ಲಿದ್ದಳು.

“ಇಲ್ಲ ಅಕ್ಕ, ಗ್ಯಾರೇಜಲ್ಲ. ಆಸ್ಪತ್ರೆ ಮೆಟ್ಟಿಲು, ಏಳನೇದು. ಅಧಿಕಾರಿಗಳು ಅಳತೆನೂ ತಗೊಂಡಿದಾರೆ.” ಫೋನಿಟ್ಟು ನಕ್ಕಳು. “ಅಕ್ಕಂಗೆ ಸಮಾಧಾನ ಆಯ್ತು ಸಾರ್. ಸುಮ್ನೆ ಅನುಮಾನಪಟ್ಟೆ ಅಂದ್ರು.”

ಸಾಹೇಬರು ಎರಡು ಲೋಟ ನೀರು ಗಟಗಟ ಕುಡಿದರು. ಲಿಫ್ಟಿನವರ ಶಾಪವೆಲ್ಲ ಹೂಮಳೆಯಂತೆ ಕೇಳಿಸಿತು.

ಮಧ್ಯಾಹ್ನ ಮೂರಕ್ಕೆ ಶಿಷ್ಯೆ ಒಂದು ಫೈಲು ಹಿಡಿದು ಕುಣಿಯುತ್ತ ಬಂದಳು. “ಸಾರ್, ಇಷ್ಟು ಅಚ್ಚುಕಟ್ಟಾದ ಫೈಲು ನಾನು ನೋಡೇ ಇಲ್ಲ! ಜಾಗ, ಮನೆಯ ಗ್ಯಾರೇಜು, ಬಾಗಿಲಿಂದ ಎರಡಡಿ ಒಳಗೆ. ಮಾಡ್ತಿದ್ದ ಕೆಲಸ, ಹಳೇ ಸ್ಕೂಟರನ್ನ ಗುಜರಿ ಗಾಡಿಗೆ ಹತ್ತಿಸೋದು...”

ಸಾಹೇಬರ ಕಣ್ಣು ರೋಗಿಯ ಹೆಸರಿನ ಮೇಲೆ ನಿಂತುಬಿಟ್ಟಿತು. ತಲೆಯೆತ್ತಿದರೆ ಬಾಗಿಲಲ್ಲಿ ಹೆಂಡತಿ, ಕಾಲಿಗೆ ಪಟ್ಟಿ.

“ಎಲ್ಲಿ ಅಂತ ಸರಿಯಾಗಿ ಬರೆಸಿದೀನಿ ನೋಡಿ. ನಿಮ್ಮ ಹೆಂಡ್ತಿಯಾಗಿ ಅಷ್ಟೂ ಗೊತ್ತಿಲ್ವಾ?” ಎನ್ನುತ್ತ ಅವಳು ಕುಂಟಿಕೊಂಡು ಬಂದು ಕೂತಳು. “ಮೇಷ್ಟ್ರು ಗ್ಯಾರೇಜು ಅಂದಾಗ ಕರುಳು ಚುರ್ ಅಂತು ರೀ. ಇಷ್ಟೊಂದು ಆಸೆ ಇಟ್ಕೊಂಡಿದಾರಲ್ಲ, ನಾನೇ ಮೆಕ್ಯಾನಿಕ್ಕನ್ನ ಕರೆಸಿ ಸರಿ ಮಾಡಿಸ್ಬಿಡೋಣ ಅಂತ ಅವನಿಗೆ ಬರೋಕೂ ಹೇಳಿದ್ದೆ. ಇಲ್ಲಿಗೆ ಫೋನ್ ಮಾಡಿದ್ರೆ ನೀವು ಬಿದ್ದಿದ್ದು ಮೆಟ್ಟಿಲಲ್ಲಿ! ಆಸೆನೇ ಬಿಟ್ಮೇಲೆ ಯಾಕೆ ಇಟ್ಕೊಳ್ಳೋದು ಅಂತ ಗುಜರಿಯವನಿಗೆ ಎತ್ತಿ ಕೊಟ್ಬಿಟ್ಟೆ.”

“ಒಳ್ಳೇದಾಯ್ತು ಬಿಡು” ಎಂದರು ಸಾಹೇಬರು, ಗಂಟಲಲ್ಲಿ ನಟ್ಟು ಸಿಕ್ಕಿಕೊಂಡವರ ಹಾಗೆ.

“ಬೇಜಾರಿಲ್ಲ ತಾನೆ? ಕಣ್ಣಲ್ಲಿ ನೀರು ಬಂದಿದೆಯಲ್ಲ?”

“ಕಾಲು ನೋವು ಕಣೇ.”

ಶಿಷ್ಯೆ ಕೀಲಿಮಣೆಯನ್ನು ಅವರತ್ತ ಸರಿಸಿದಳು. ಹೆಂಡತಿಯ ಫೈಲಿಗೆ ಮನೆಯ ಗ್ಯಾರೇಜಿನ ಸಂಖ್ಯೆಯನ್ನು ಸಾಹೇಬರು ಕೋಡಿನ ಪುಸ್ತಕ ನೋಡದೆಯೇ ಒತ್ತಿದರು. ‘ಜಾಗ ಖಚಿತವೇ?’ ಎಂದಿತು ಪರದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ‘ಹೌದು’ ಒತ್ತಿದರು.